ಖಾರದ ಊಟ, 30 ಮಂದಿ, 12,000 ರೂಪಾಯಿ: ಯಾವ ವೈನ್ ತರಬೇಕ್ರಿ?

ಪ್ರಶ್ನೆ: ನಾವು ಬೆಳಗಾವಿ ಟಿಳಕವಾಡಿಯವರು. ಡಿಸೆಂಬರ್ ಕೊನೀಗೆ ಅಪ್ಪ ಬ್ಯಾಂಕ್ ನೌಕರಿಯಿಂದ ರಿಟೈರ್ ಆಗ್ತಾರ, ಮನಿ ಟೆರೇಸ್ ಮ್ಯಾಲ ಸಣ್ಣ ಪಾರ್ಟಿ ಇಟ್ಕೊಂಡೀವಿ, 30 ಮಂದಿ. ಊಟಕ್ಕ ಸಾವಜಿ ಮಟನ್, ಚಿಕನ್ ಸುಕ್ಕಾ, ಎಣ್ಣೆಗಾಯಿ, ರೊಟ್ಟಿ, ಕೊನೀಗೆ ಕುಂದಾ. ಈ ಸಲ ವಿಸ್ಕಿ ಬ್ಯಾಡ, ವೈನ್ ಇರ್ಲಿ ಅಂತ ಅಪ್ಪನ ಆಸೆ. ವೈನಿಗೆ 12,000 ಇಟ್ಟೀವಿ. 9 ರೆಡ್, 3 ವೈಟ್ ತರೂಣು ಅಂದ್ಕೊಂಡೀನಿ. ಎರಡು ಫಾರಿನ್ ಬಾಟಲಿ ಇದ್ರ ಚಂದ ಕಾಣ್ತೈತಿ, ಗೋವಾದಿಂದ ತಂದ್ರ ಸ್ವಸ್ತ ಬೀಳ್ತೈತಿ ಅಂತ ಅಣ್ಣ ಹೇಳ್ತಾನ. ಏನ್ ಮಾಡೂಣ್ರಿ?

ಉತ್ತರ: ಮೊದಲ ನಿಮ್ಮ ಲೆಕ್ಕಾನ ತಿರುವಿ ಹಾಕ್ರಿ. 9 ರೆಡ್ 3 ವೈಟ್ ಅಲ್ಲ, ವೈಟ್ ಜಾಸ್ತಿ, ರೆಡ್ ಕಮ್ಮಿ. ಸಾವಜಿ ಮಟನ್ ಅಂದಕೂಡ್ಲೆ ಎಲ್ಲಾರಿಗೂ ರೆಡ್ ಅಂತ ತಲ್ಯಾಗ ಬರೋದು ಸಹಜ ಐತಿ, ಮಟನ್‌ಗೆ ರೆಡ್, ಮೀನಿಗೆ ವೈಟ್ ಅನ್ನೋ ಮಾತು ಎಲ್ಲಾ ಕಡೆ ಕೇಳಿರ್ತೀವಿ. ಆದ್ರ ಆ ಮಾತು ಹುಟ್ಟಿದ್ದು ಖಾರ ಇಲ್ಲದ ಮಾಂಸ ತಿನ್ನೋ ದೇಶದಾಗ. ನಮ್ಮಲ್ಲಿ ತಾಟಿನ್ಯಾಗ ಮಟನ್‌ಗಿಂತ ಮಸಾಲಿ ಮುಖ್ಯ, ಹಂಗಾಗಿ ವೈನ್ ಆರಿಸ್ಬೇಕಾದದ್ದು ಮಟನ್ ನೋಡಿ ಅಲ್ಲ, ಮೆಣಸಿನಕಾಯಿ ಖಾರ ನೋಡಿ.

ಕಾರಣ ಹೇಳ್ತೀನಿ, ಇದೊಂದು ತಿಳದ್ರ ಅಂಗಡ್ಯಾಗ ನಿಂತಾಗ ಯಾರನ್ನೂ ಕೇಳೋ ಜರೂರಿ ಬೀಳೂದಿಲ್ಲ. ಕರಿ ದ್ರಾಕ್ಷಿ ಹಿಚುಕಿ ನೋಡ್ರಿ, ಒಳಗಿನ ರಸ ಹೆಚ್ಚೂಕಮ್ಮಿ ಬಿಳೀದ ಇರ್ತೈತಿ, ಬಣ್ಣ ಇರೋದು ಸಿಪ್ಪ್ಯಾಗ. ರೆಡ್ ವೈನ್ ಮಾಡೋವಾಗ ರಸಾನ ಸಿಪ್ಪಿ ಬೀಜದ ಕೂಡೇ ಹುದುಗಾಕ ಬಿಡ್ತಾರ, ವೈಟ್‌ಗೆ ಮೊದಲ ರಸ ಹಿಂಡಿ ಸಿಪ್ಪಿ ಬ್ಯಾರೆ ತಗದ್ಬಿಡ್ತಾರ. ಸಿಪ್ಪಿ ಬೀಜದಿಂದ ಬಣ್ಣದ ಜೊತಿಗೆ ಟ್ಯಾನಿನ್ ಅನ್ನೋದು ಇಳೀತೈತಿ. ನೇರಳೆ ಹಣ್ಣು ತಿಂದಾಗ, ಹಸಿ ಅಡಿಕಿ ಅಗದಾಗ ನಾಲಿಗಿ ಒಣಗಿ ಹಿಡದಂಗ ಆಗ್ತೈತಲ್ಲ, ಆ ಒಗರ ಟ್ಯಾನಿನ್ನು. ಅದು ಬಾಯಾಗಿನ ಜೊಲ್ಲಿನ ಪ್ರೋಟೀನ್‌ನ ಹಿಡ್ಕೊಂಡು ಬಾಯಿ ಒಣಗಿಸ್ತೈತಿ. ಈಗ ಯೋಚ್ನಿ ಮಾಡ್ರಿ, ಸಾವಜಿ ರಸಾ ಉಂಡು ಬಾಯಿ ಹೊತ್ತಿ ಉರಿಯಾಕತ್ತೈತಿ, ಅದರ ಮ್ಯಾಲ ಒಗರಿನ ರೆಡ್ ಒಂದು ಗುಟುಕು. ಖಾರ ಎರಡಪಟ್ಟು ಅನಿಸ್ತೈತಿ, ವೈನ್ ಕಹಿ ಅನಿಸ್ತೈತಿ, ಆಲ್ಕೋಹಾಲ್ ಸೈತ ಉರಿ ಏರಸ್ತೈತಿ, ಮಂದಿ ಗ್ಲಾಸ್ ಕೆಳಗಿಟ್ಟು "ನಮಗಿದು ಆಗಿಬರೂದಿಲ್ರಿ, ವಿಸ್ಕಿ ಐತೇನು" ಅಂತ ಕೇಳ್ತಾರ. ವೈನಿನ ತಪ್ಪೂ ಇಲ್ಲ, ಮಂದಿ ತಪ್ಪೂ ಇಲ್ಲ, ಜೋಡಿ ತಪ್ಪೇತಿ ಅಷ್ಟ.

ಖಾರ ತಣಿಸೋದು ಎರಡ, ಥಂಡಿ ಮತ್ತ ಸ್ವಲ್ಪ ಸಿಹಿ. ಖಾರದ ಊಟದ ಜೋಡಿ ಒಂದು ಚೂರು ಬೆಲ್ಲ ಕಡಕೊಂತೀವಲ್ಲ, ಅದ ತರ್ಕ. ಅದಕ್ಕ ನಾ ಹೇಳೋ ಮೊದಲನೇ ಹೆಸರು ಶೆನಿನ್ ಬ್ಲಾಂಕ್ ಅನ್ನೋ ವೈಟ್ ವೈನ್. ಇದು ಫ್ರಾನ್ಸಿನ ಲುವಾರ್ ನದಿ ಕಡೆ ದ್ರಾಕ್ಷಿ, ಆದ್ರ ನಾಸಿಕ ಸುತ್ತಮುತ್ತ ಅಗದಿ ಛಲೋ ಹೊಂದ್ಕೊಂಡೈತಿ, ನಮ್ಮ ದೇಶದ ಕಂಪನಿಗಳು ಇದನ್ನ ಭಾಳಷ್ಟು ಸಲ ಪೂರ್ತಿ ಡ್ರೈ ಮಾಡೂದಿಲ್ಲ, ನಾಲಿಗಿ ತುದೀಗೆ ಸಿಹಿ ತಾಗೋವಷ್ಟು ಸಕ್ಕರಿ ಉಳಸ್ತಾರ, ಪೇರಲ ಹಣ್ಣು, ಅನಾನಸ್ ವಾಸನಿ ಬರ್ತೈತಿ. ಮೊದಲ ಸಲ ವೈನ್ ಕುಡಿಯೋರಿಗೆ ಇದಕ್ಕಿಂತ ಸಲೀಸು ಬ್ಯಾರೆ ಇಲ್ಲ. ಸುಲಾ, ಫ್ರಾಟೆಲ್ಲಿ, ಬಿಗ್ ಬನ್ಯನ್, ಗ್ರೋವರ್ ಜಂಪಾ, ಎಲ್ಲಾರೂ ಮಾಡ್ತಾರ, ಯಾವುದು ಸಿಗ್ತೈತಿ ಅದನ್ನ ತಗೋರಿ. ನಾಲ್ಕು ಬಾಟಲಿ.

ಎರಡು ಬಾಟಲಿ ಸುವಿನ್ಯೋ ಬ್ಲಾಂಕ್. ಇದೂ ವೈಟ್, ಆದ್ರ ಡ್ರೈ, ಅಂದ್ರ ಸಿಹಿ ಇಲ್ಲದ್ದು, ಹುಳಿ ಮುಂದ ಇರ್ತೈತಿ, ಹಸಿ ಹುಲ್ಲು, ನಿಂಬಿ, ಹಸಿ ಮೆಣಸಿನಕಾಯಿ ಸೀಳಿದಾಗಿನ ವಾಸನಿ. ಮಟನ್ ಜೋಡಿ ಅಲ್ಲ, ಊಟಕ್ಕಿಂತ ಮೊದಲ, ಶೇಂಗಾ, ಕಾಂದಾ ಭಜಿ, ಪಾಪಡ್ ತಿನ್ಕೋತ ನಿಂತಾಗ. ಕರದಿದ್ದರ ಎಣ್ಣಿ ಜಿಡ್ಡು ತಗದು ಬಾಯಿ ಸ್ವಚ್ಛ ಮಾಡ್ತೈತಿ.

ಒಂದು ಬಾಟಲಿ ರೋಸೆ, ಅಂದ್ರ ಗುಲಾಬಿ ಬಣ್ಣದ ವೈನ್, ತಗೋರಿ, ಬಣ್ಣ ಚಂದ, ಎಣ್ಣೆಗಾಯಿ ಜೋಡಿ ಹೊಂದ್ತೈತಿ.

ಇನ್ನ ರೆಡ್ಡು. ರೆಡ್ ಬ್ಯಾಡ ಅಂತ ನಾ ಹೇಳಂಗಿಲ್ಲ, ಟೇಬಲ್ ಮ್ಯಾಲ ಕೆಂಪ ಇಲ್ಲಂದ್ರ ಮಂದಿಗೆ ವೈನ್ ಪಾರ್ಟಿ ಅಂತ ಅನಸೂದ ಇಲ್ಲ. ಆದ್ರ ಯಾವ ರೆಡ್ ಅನ್ನೋದು ನೋಡ್ಬೇಕು. ಹೆಸರು ದೊಡ್ಡದೈತಿ ಅಂತ ಬರೇ ಕ್ಯಾಬರ್ನೆ ಸುವಿನ್ಯೋ ತಗೊಂಡ್ರ ಅದರ ಸಿಪ್ಪಿ ದಪ್ಪ, ಟ್ಯಾನಿನ್ ಜಾಸ್ತಿ, ನಾ ಈಗ ಹೇಳಿದ ಉರಿ ಗ್ಯಾರಂಟಿ. ಬದ್ಲಿಗೆ ಶಿರಾಜ್, ಮೆರ್ಲೋ, ಜಿನ್‌ಫ್ಯಾಂಡೆಲ್, ಇಲ್ಲಾ ಸ್ಯಾಂಜೊವೇಸೆ. ಶಿರಾಜ್‌ದಾಗ ಕರಿಮೆಣಸಿನ ವಾಸನಿ ಇರ್ತೈತಿ, ನಮ್ಮ ಮಸಾಲಿ ಪರಿಚಯ ಇದ್ದಂಗ ಮಾತಾಡ್ತೈತಿ ಅದು. ಸ್ಯಾಂಜೊವೇಸೆ ಇಟಲಿಯ ಟಸ್ಕನಿ ದ್ರಾಕ್ಷಿ, ಅದನ್ನ ಇಲ್ಲೆ ಪಕ್ಕದ ಸೊಲ್ಲಾಪುರ ಜಿಲ್ಲಾ ಅಕಲೂಜದಾಗ ಫ್ರಾಟೆಲ್ಲಿಯವರು ಬೆಳೀತಾರ, ಹುಳಿ ಛಲೋ ಇರೋದ್ರಿಂದ ಟೊಮ್ಯಾಟೊ ಹಾಕಿದ ಸುಕ್ಕಾ ಜೋಡಿ ಕೂಡ್ತೈತಿ. ಬಾಟಲಿ ಹಿಂದ "ಓಕ್‌ದಾಗ ಇಷ್ಟು ತಿಂಗಳು ಇಟ್ಟೀವಿ", "ರಿಸರ್ವ್" ಅಂತೆಲ್ಲಾ ದೊಡ್ಡದಾಗಿ ಬರದಿದ್ರ ಅದನ್ನ ಈ ಪಾರ್ಟಿಗೆ ಬಿಡ್ರಿ, ಕಟ್ಟಿಗಿ ಪೀಪಾಯಿಂದ ಮತ್ತಷ್ಟು ಟ್ಯಾನಿನ್ ಬರ್ತೈತಿ, ರೊಕ್ಕನೂ ಜಾಸ್ತಿ. ನಾಲ್ಕು ಬಾಟಲಿ ಸಾಕು.

ಕೊನೇದು ಒಂದು ಪೋರ್ಟ್, ಕುಂದಾದ ಸಲುವಾಗಿ. ಸಿಹಿ ತಿನಿಸಿನ ಜೋಡಿ ಇಡೋ ವೈನ್ ಆ ತಿನಿಸಿಗಿಂತ ಸಿಹಿ ಇರ್ಬೇಕು, ಇಲ್ಲಾಂದ್ರ ವೈನ್ ಹುಳಿ ಹುಳಿ ಹತ್ತತೈತಿ. ಬೆಳಗಾವಿ ಕುಂದಾ ತಿಂದು ಡ್ರೈ ರೆಡ್ ಕುಡದ್ರ ಔಷಧಿ ಕುಡದಂಗ. ಖರೇ ಪೋರ್ಟ್ ಅಂದ್ರ ಪೋರ್ಚುಗಲ್‌ನ ಡೋರೊ ಕಣಿವಿಯದು, ಹುದುಗೋದು ಮುಗಿಯೂಕಿಂತ ಮೊದಲ ದ್ರಾಕ್ಷಿ ಸ್ಪಿರಿಟ್ ಹಾಕಿ ನಿಲ್ಲಸ್ತಾರ, ಅದಕ್ಕ ಸಕ್ಕರಿ ಉಳೀತೈತಿ, ಸ್ಟ್ರಾಂಗ್ 19ರಿಂದ 22 ಪರ್ಸೆಂಟ್ ಇರ್ತೈತಿ. ನಮ್ಮಲ್ಲಿ ಪೋರ್ಟ್ ಅಂತ ಮಾರೋದು ಅದಲ್ಲ, ಬರೇ ಸಿಹಿ ರೆಡ್ಡು. ಆದ್ರ ಬೆಳಗಾವಿ ಮಂದಿಗೆ ಗೋವಾ ಕಡೆ ಹೋಗಿಬಂದು ಆ ರುಚಿ ಗೊತ್ತೈತಿ, ಪ್ರೀತಿನೂ ಐತಿ. ಅದನ್ನ ಕೀಳ ಅಂತ ನೋಡೋದು ನನಗ ಸರಿ ಅನಸೂದಿಲ್ಲ, ಕುಂದಾ ಜೋಡಿ ಸಣ್ಣ ಗ್ಲಾಸಿನ್ಯಾಗ ಥಂಡಿ ಮಾಡಿ ಕೊಟ್ಟು ನೋಡ್ರಿ, ಹಿರಿಯಾರು ಮತ್ತೊಂದು ಕೇಳ್ತಾರ.

ಒಟ್ಟು 12 ಬಾಟಲಿ ಆತು. ಇದು ಸಾಕಾಗ್ತೈತೇನು ಅಂದ್ರ, ಒಂದು ಬಾಟಲಿ 750 ಎಂಎಲ್, 150 ಎಂಎಲ್‌ದು ಐದು ಗ್ಲಾಸ್ ಬರ್ತಾವ. 30 ಮಂದ್ಯಾಗ ಹುಡುಗ್ರು, ಕುಡೀದವ್ರು, ಗಾಡಿ ಹೊಡೀಬೇಕಾದವ್ರು ಬಿಟ್ರ ವೈನ್ ಕುಡಿಯೋರು 18 ಅಂತ ಹಿಡೀರಿ, ಒಬ್ಬರಿಗೆ ಎರಡೂವರಿ ಗ್ಲಾಸ್, ಅಂದ್ರ 45 ಗ್ಲಾಸ್, 9 ಬಾಟಲಿ. ಪೋರ್ಟ್ ಬಿಟ್ಟು ನಿಮ್ಮ ಹಂತ್ಯಾಕ 11 ಇರ್ತಾವ. ಸರಾಸರಿ ಬಾಟಲಿಗೆ ಸಾವಿರ ರೂಪಾಯಿ ಬಿತ್ತು. ಪೋರ್ಟ್ ಅಗ್ಗ ಇರ್ತೈತಿ, ಅಲ್ಲಿ ಉಳದದ್ದನ್ನ ಶಿರಾಜ್ ಕಡೆ ಹಾಕ್ರಿ.

ಎರಡೂವರಿ ಗ್ಲಾಸ್ ಕಮ್ಮಿ ಅನಸ್ತೈತಿ ಅಂದ್ರ ಇದನ್ನ ಲಕ್ಷ್ಯಗೊಟ್ಟು ಓದ್ರಿ, ನಮ್ಮ ಕಡೆ ಪಾರ್ಟಿಗಳೊಳಗ ಕೆಡೋದು ಇಲ್ಲೇ. 13 ಪರ್ಸೆಂಟ್ ವೈನಿನ 150 ಎಂಎಲ್ ಗ್ಲಾಸಿನ್ಯಾಗ ಶುದ್ಧ ಆಲ್ಕೋಹಾಲ್ 19.5 ಎಂಎಲ್ ಇರ್ತೈತಿ. ನಮ್ಮ ವಿಸ್ಕಿ 42.8 ಪರ್ಸೆಂಟ್, ಅದರ 45 ಎಂಎಲ್ ಅಂದ್ರೂ ಅಷ್ಟ. ಅಂದ್ರ ಒಂದು ಗ್ಲಾಸ್ ವೈನು ಒಂದೂವರಿ ಸಣ್ಣ ಪೆಗ್ಗಿಗೆ ಸಮ. ವೈನ್ ಅಂದ್ರ ದ್ರಾಕ್ಷಿ ಜ್ಯೂಸು, ಹಗುರ, ಅಂತ ತಿಳಕೊಂಡು ಬಿಯರ್ ಕುಡದಂಗ ಗ್ಲಾಸ್ ತುಂಬಾ ಹಾಕ್ಕೊಂಡು ಗಟಗಟ ಏರಸ್ತಾರ, ತಾಸಿನ್ಯಾಗ ತಲಿ ತಿರಗ್ತೈತಿ. ಗ್ಲಾಸಿನ ಮೂರನೇ ಒಂದು ಪಾಲು ಮಾತ್ರ ಹಾಕ್ರಿ, ಹಾಕೋ ಕೆಲಸ ಮನೀಯವರೊಬ್ಬರ ಕೈಯಾಗ ಇರ್ಲಿ, ವೈನಿನಷ್ಟ ನೀರೂ ಟೇಬಲ್ ಮ್ಯಾಲ ಇರ್ಲಿ. ಗಾಡಿ ಹೊಡೆಯೋರಿಗೆ 100 ಎಂಎಲ್ ರಕ್ತದಾಗ 30 ಮಿಲಿಗ್ರಾಂ ದಾಟಿದ್ರ ಕೇಸು, ಎರಡ ಗ್ಲಾಸಿಗೆ ಅದು ಸಲೀಸ ದಾಟ್ತೈತಿ, ಅದಕ್ಕ ಅಂಥವ್ರಿಗೆ ವೈನ್ ಬ್ಯಾಡ ಅಂತ ಮೊದಲ ಹೇಳ್ರಿ, ಇಲ್ಲಾ ಆಟೋ ಹೇಳಿಡ್ರಿ. ಕುಡೀದವ್ರಿಗೆ ಕೋಕಂ ಶರಬತ್ತು ಮಾಡ್ರಿ, ಅದ ಗ್ಲಾಸಿನ್ಯಾಗ ಕೊಡ್ರಿ, ಬಣ್ಣನೂ ರೆಡ್ ವೈನಿನಂಗ, ಖಾರದ ಊಟಕ್ಕೂ ಛಲೋ, ಯಾರಿಗೂ ಬ್ಯಾರೆ ಅನಸೂದಿಲ್ಲ.

ಫಾರಿನ್ ಬಾಟಲಿ ಬಗ್ಗೆ ಅಣ್ಣಗ ಹೇಳ್ರಿ. ಹೊರದೇಶದ ವೈನ್ ಮ್ಯಾಲ ನಮ್ಮ ದೇಶ ವರ್ಷಗಟ್ಟಲೆ 150 ಪರ್ಸೆಂಟ್ ಕಸ್ಟಮ್ಸ್ ಸುಂಕ ಹಾಕ್ಕೋತ ಬಂದೈತಿ. ಆಸ್ಟ್ರೇಲಿಯಾ ಜೋಡಿ 2022ರ ಡಿಸೆಂಬರ್‌ನಿಂದ ಜಾರಿಯಾದ ಒಪ್ಪಂದದಾಗ 5ರಿಂದ 15 ಡಾಲರ್‌ವರೆಗಿನ ಬಾಟಲಿಗೆ 100 ಪರ್ಸೆಂಟ್‌ಗೆ ಇಳಿಸಿ, ಮುಂದ ವರ್ಷಾ ವರ್ಷಾ ಇಳಸ್ಕೋತ ಹೋಗೋದಂತ ಆಗೇತಿ. ಅದರ ಮ್ಯಾಲ ರಾಜ್ಯದ ಟ್ಯಾಕ್ಸು, ಹಡಗು ಬಾಡಿಗಿ, ಅಂಗಡಿಯವರ ಲಾಭ. ಅಂದ್ರ ನಿಮ್ಮ ಬಜೆಟ್‌ನ್ಯಾಗ ಸಿಗೋ ಫಾರಿನ್ ಬಾಟಲಿಯೊಳಗಿನ ವೈನು ಅವರ ದೇಶದಾಗ ಅಗದಿ ಕೆಳಗಿನ ದರ್ಜೆದ್ದು, ನೀವು ಕೊಡೋ ರೊಕ್ಕ ಹೆಚ್ಚಿನ ಪಾಲು ವೈನಿಗಲ್ಲ, ಸುಂಕಕ್ಕ. ಅದ ಸಾವಿರ ರೂಪಾಯಿಗೆ ನಾಸಿಕದ್ದು, ಅಕಲೂಜದ್ದು, ನಂದಿ ಬೆಟ್ಟದ ಕಡೇದು ತಗೊಂಡ್ರ ಆ ಕಂಪನಿ ಜೀವ ಇಟ್ಟು ಮಾಡಿದ ವೈನ್ ಸಿಗ್ತೈತಿ.

ಈ ಮಾತು ನಾನು ಅಭಿಮಾನದಿಂದನೂ ಹೇಳಾಕತ್ತೀನಿ, ಮುಚ್ಚಿಡೂದಿಲ್ಲ. ನಂದು ವಿಜಯಪುರ ಜಿಲ್ಲಾ ತಿಕೋಟಾ ಕಡೆ ಊರು, ದ್ರಾಕ್ಷಿ ತ್ವಾಟದಾಗ ಬೆಳದಾಂವ, ಆಮ್ಯಾಲ ವೈನ್ ಮಾಡೋ ಕೆಲಸದಾಗ ಹದಿನೆಂಟು ವರ್ಷ ಕಳದೀನಿ. ನಮ್ಮ ಮಂದಿ ಹೆಚ್ಚು ಬೆಳೆಯೋದು ಥಾಮ್ಸನ್ ಸೀಡ್‌ಲೆಸ್, ಒಣದ್ರಾಕ್ಷಿಗೆ. ಅದು ತಿನ್ನಾಕ ಚಂದ, ವೈನಿಗೆ ಬರೂದಿಲ್ಲ, ಸಿಪ್ಪಿ ತೆಳು, ವಾಸನಿ ಕಮ್ಮಿ. ವೈನ್ ದ್ರಾಕ್ಷಿ ಸಣ್ಣದು, ಬೀಜ ಇರ್ತೈತಿ, ಸಿಪ್ಪಿ ದಪ್ಪ, ತಿಂದ್ರ ಯಾರೂ ಮೆಚ್ಚೂದಿಲ್ಲ. ಯುರೋಪಿನ್ಯಾಗ ಸೆಪ್ಟೆಂಬರ್ ಅಕ್ಟೋಬರ್‌ನ್ಯಾಗ ಕೊಯ್ದ್ರ ನಮ್ಮಲ್ಲಿ ಏಪ್ರಿಲ್‌ಗೊಂದು, ಮಳಿ ಹೋದಮ್ಯಾಲ ಅಕ್ಟೋಬರ್ ಸುಮಾರಿಗೊಂದು ಅಂತ ವರ್ಷಕ್ಕ ಎರಡು ಚಾಟ್ನಿ (ಬಳ್ಳಿ ಕತ್ತರಸೋದು) ಮಾಡಿ ಫೆಬ್ರುವರಿ ಮಾರ್ಚ್‌ಗೆ ಕೊಯ್ತೀವಿ. ಬಿಸಲು ಏರಾಕತ್ತಿದ್ರ ಹಣ್ಣಿನ್ಯಾಗ ಸಕ್ಕರಿ ದಿನಾ ಏರ್ತೈತಿ, ಹುಳಿ ದಿನಾ ಇಳೀತೈತಿ, ಹುಳಿ ಹೋದ ವೈಟ್ ವೈನ್ ಸಪ್ಪಗ ನೀರಿನಂಗ. ಅದಕ್ಕ ವೈಟ್ ದ್ರಾಕ್ಷಿ ಕೊಯ್ಯೋ ದಿನ ಎರಡ ದಿನ ತಪ್ಪಿದ್ರ ವರ್ಷದ ಕಷ್ಟ ಹೋತು, ಬೆಳಕು ಹರಿಯೂಕಿಂತ ಮೊದಲ ತಲಿಗೆ ಬ್ಯಾಟರಿ ಕಟ್ಕೊಂಡು ಕೊಯ್ದು ಥಂಡಿ ಇದ್ದಾಗ ಹಿಂಡಾಕ ಕಳಸ್ತಿದ್ವಿ. ಸಾವಿರ ರೂಪಾಯಿಯೊಳಗಿನ ಆ ಶೆನಿನ್ ಬಾಟಲ್ಯಾಗ ಅಂಥಾ ಬೆಳಗಿನ ಝಾವ ಅದಾವ.

ಗೋವಾದಿಂದ ತರೋ ವಿಚಾರ ಪೂರಾ ಬಿಡ್ರಿ. ಅಲ್ಲಿನ ಬಾಟಲಿ ಮ್ಯಾಲ ಗೋವಾದಾಗ ಮಾತ್ರ ಮಾರಾಟಕ್ಕ ಅಂತ ಅಚ್ಚಾಗಿರ್ತೈತಿ, ಚೋರ್ಲಾ ಘಾಟ್ ಹತ್ತಿ ಬಂದ್ರ ಕಣಕುಂಬಿ ಚೆಕ್‌ಪೋಸ್ಟ್‌ನ್ಯಾಗ ಗಾಡಿ ತಗಸ್ತಾರ, ರಿಟೈರ್ಮೆಂಟ್ ಪಾರ್ಟಿ ಮುಂದ ಇಟ್ಕೊಂಡು ಅಬಕಾರಿ ಕೇಸು ಯಾರಿಗೆ ಬೇಕ್ರಿ. ಮನ್ಯಾಗ ಎಷ್ಟು ಬಾಟಲಿ ಇಟ್ಕೋಬಹುದು ಅನ್ನೋದಕ್ಕೂ ನಮ್ಮ ರಾಜ್ಯದಾಗ ಮಿತಿ ಐತಿ, ಇಷ್ಟು ಮಂದಿ ಕೂಡಿಸಿ ಕೊಡೋದಾದ್ರ ಅಬಕಾರಿ ಇಲಾಖೆಯ ಒಂದ ದಿನದ ಸನ್ನದು ಸಿಎಲ್-5 ಬಗ್ಗೆ ಒಂದೆರಡು ವಾರ ಮೊದಲ ಹೋಗಿ ವಿಚಾರಿಸ್ರಿ. 21 ವರ್ಷ ತುಂಬದ ಹುಡುಗ್ರಿಗೆ ಕೊಡಬ್ಯಾಡ್ರಿ, ಮನೀದ ಕಾರ್ಯಕ್ರಮ ಇದ್ರೂನೂ.

ಈಗ ಅಂಗಡಿ. ನಮ್ಮ ಕಡೆ ಬೋರ್ಡಿನ ಮ್ಯಾಲ "ವೈನ್ಸ್" ಅಂತ ಇದ್ರೂ ಒಳಗ ಬ್ರಾಂಡಿ, ವಿಸ್ಕಿ, ರಮ್ಮ ಜಾಸ್ತಿ, ಖರೇ ವೈನು ಮ್ಯಾಲಿನ ಕಪಾಟಿನ್ಯಾಗ ನಾಲ್ಕು ಬಾಟಲಿ ನಿಂತಿರ್ತಾವ, ಎಷ್ಟೋ ಸಲ ವರ್ಷಗಟ್ಟಲೆ. ಇದರಿಂದ ನನಗೊಮ್ಮೆ ಭಾಳ ಬ್ಯಾಸರ ಆಗಿತ್ತು. ವಿಜಯಪುರದಾಗ ಮೇ ತಿಂಗಳ ಬಿಸಲಾಗ ಮನೀಗೆ ದೂರದ ಸಂಬಂಧಿಕರು ಬಂದಿದ್ರು, ಹತ್ತಿರದ ಒಂದು ಅಂಗಡಿಯಿಂದ ಗಡಿಬಿಡಿಲೆ ಎರಡು ಬಾಟಲಿ ತಂದೆ, ಕಾರ್ಕ್ ಒಂದೀಟು ಮ್ಯಾಲ ಎದ್ದಿದ್ದು ಕಂಡ್ರೂ ಲಕ್ಷ್ಯ ಕೊಡ್ಲಿಲ್ಲ, ತಗದು ಹಾಕಿದ್ರ ವೈಟ್ ವೈನು ಕಂದು ಬಣ್ಣಕ್ಕ ತಿರುಗಿ ಕೊಳೆತ ಸೇಬಿನ ವಾಸನಿ, ರೆಡ್ಡು ಕುದಿಸಿದ ಜಾಮ್‌ನಂಗ. ಮೊದಲ ಸಲ ವೈನ್ ಕುಡದ ಆ ಮಂದಿ ವೈನ್ ಅಂದ್ರ ಹಿಂಗ ಇರ್ತೈತಿ ಅಂತ ತಿಳಕೊಂಡು ಹೋದ್ರು, ಅದು ನನಗ ಇವತ್ತಿಗೂ ಚುಚ್ಚತೈತಿ. ಹಂಗಾಗಿ ಎಸಿ ಇರೋ, ವೈನ್ ಓಡೋ ಅಂಗಡಿಗೆ ಹೋಗ್ರಿ. ಗಾಜಿನ ಕಪಾಟಿನ್ಯಾಗ ಬಿಸಲಿಗೆ ನಿಂತಿದ್ದು ಬ್ಯಾಡ, ಒಳಗ ಬಾಕ್ಸಿನ್ಯಾಗ ಇದ್ದದ್ದು ತಗಸ್ರಿ. ಕಾರ್ಕ್ ಉಬ್ಬಿದ್ರ, ಕುತ್ತಿಗಿ ಹಂತೇಕ ಜಿಗಟು ಸೋರಿದ ಗುರ್ತು ಇದ್ರ, ಬಾಟಲ್ಯಾಗ ವೈನ್ ಕೆಳಗ ಇಳದಿದ್ರ ತಿರುಗಿ ಕೊಡ್ರಿ. ಲೇಬಲ್ ಮ್ಯಾಲಿನ ವರ್ಷ ಅಂದ್ರ ದ್ರಾಕ್ಷಿ ಕೊಯ್ದ ವರ್ಷ, ಈ ದರದ ವೈಟು, ರೋಸೆ ಈ ವರ್ಷದ್ದು ಇಲ್ಲಾ ಹೋದ ವರ್ಷದ್ದು ಇರ್ಲಿ, ರೆಡ್ ಎರಡು ಮೂರು ವರ್ಷದ ಒಳಗಿಂದು. ಹಳೇದಾದಷ್ಟು ಛಲೋ ಅನ್ನೋ ಮಾತು ತುಟ್ಟಿ ಬಾಟಲಿಗಳೊಳಗ ಕೆಲವಕ್ಕ ಮಾತ್ರ. ಸ್ಕ್ರೂ ಮುಚ್ಚಳ ಇದ್ರ ಹಗುರ ಮಾಲು ಅಂತ ತಿಳಕೋಬ್ಯಾಡ್ರಿ, ಪಾರ್ಟಿಗೆ ಅದ ಬೇಕು, ಕಾರ್ಕ್‌ನಿಂದ ಬರೋ ಹಸಿ ಗೋಣಿಚೀಲದ ವಾಸನಿ ಕಾಟ ಅದರಾಗ ಇಲ್ಲ.

ಥಂಡಿ ಬಗ್ಗೆ ಒಂದು ಮಾತು. ವೈಟ್, ರೋಸೆ 8ರಿಂದ 10 ಡಿಗ್ರಿ, ರೆಡ್ 16ರಿಂದ 18. ರೆಡ್‌ನ ರೂಮ್ ಟೆಂಪರೇಚರ್‌ಗೆ ಕೊಡ್ಬೇಕು ಅಂತಾರಲ್ಲ, ಅದು ಯುರೋಪಿನ ಕಲ್ಲಿನ ಮನಿಗಳ ಥಂಡಿ ಖೋಲಿ, ವಿಜಯಪುರದ 40 ಡಿಗ್ರಿ ಖೋಲಿ ಅಲ್ಲ. ನಿಮ್ಮ ಬೆಳಗಾವಿ ಸುಮಾರು 750 ಮೀಟರ್ ಎತ್ತರದಾಗ ಐತಿ, ಡಿಸೆಂಬರ್ ರಾತ್ರಿ ಟೆರೇಸ್ ತಂಪ ಇರ್ತೈತಿ, ಹಂಗಾಗಿ ರೆಡ್‌ಗೆ ಫ್ರಿಜ್‌ನ್ಯಾಗ ಇಪ್ಪತ್ತು ನಿಮಿಷ ಸಾಕು, ನಮ್ಮೂರಾಗ ಏಪ್ರಿಲ್‌ನ್ಯಾಗ ಆದ್ರ ಮುಕ್ಕಾಲು ತಾಸು ಅಂತಿದ್ದೆ. ವೈಟ್ ಹಿಂದಿನ ರಾತ್ರಿನೇ ಫ್ರಿಜ್‌ಗೆ ಹಾಕ್ರಿ. ಜಾಗ ಸಾಲದಿದ್ರ ದೊಡ್ಡ ಸ್ಟೀಲ್ ಬೋಗಾಣಿ ತಗೊಂಡು ಅರ್ಧ ಬರ್ಫ, ಅರ್ಧ ನೀರು, ಎರಡು ಮುಟಗಿ ಉಪ್ಪು, ಇಪ್ಪತ್ತು ನಿಮಿಷದಾಗ ಗಡಗಡ ಥಂಡಿ. ಬರೇ ಬರ್ಫ ಹಾಕಿದ್ರ ಬಾಟಲಿಗೆ ಅಲ್ಲಲ್ಲಿ ಅಷ್ಟ ತಾಗ್ತೈತಿ, ನೀರು ಇದ್ರನ ಸುತ್ತೂ ಕಡೆ ಹತ್ತೋದು, ಉಪ್ಪು ಆ ನೀರನ್ನ ಸೊನ್ನೆ ಡಿಗ್ರಿಗಿಂತ ಕೆಳಗ ಇಳಸ್ತೈತಿ. ಗ್ಲಾಸಿನೊಳಗ ಮಾತ್ರ ಬರ್ಫ ಬ್ಯಾಡ, ನೀರಾಗ್ತೈತಿ. ರೆಡ್ ಸ್ವಲ್ಪ ಗಡಸು ಅನಿಸಿದ್ರ ಮೊದಲ ಅರ್ಧ ತಾಸು ಗಾಜಿನ ಜಗ್ಗಿಗೆ ಸುರವಿ ಇಡ್ರಿ, ಗಾಳಿ ತಾಗಿ ಮೆತ್ತಗ ಆಗ್ತೈತಿ. ಮುಚ್ಚಳ ಅಷ್ಟ ತಗದಿಟ್ರ ಏನೂ ಆಗೂದಿಲ್ಲ, ಬಾಟಲಿ ಬಾಯಿ ಅಷ್ಟು ಸಣ್ಣದು.

ಗ್ಲಾಸ್ ಬಾಡಿಗಿಗೆ ತರಬಹುದು, ಇಲ್ಲಾ ಸಾದಾ ಗಾಜಿನ ಗ್ಲಾಸ್ ನಡೀತಾವ, ಸ್ಟೀಲ್ ಪ್ಲಾಸ್ಟಿಕ್ ಬ್ಯಾಡ. ಉಳದ ಬಾಟಲಿ ಮುಚ್ಚಿ ಫ್ರಿಜ್‌ನ್ಯಾಗ ಇಟ್ರ ವೈಟು, ರೆಡ್ಡು ಎರಡೂ ಮೂರು ದಿನ ತಡೀತಾವ.

ಇಷ್ಟೆಲ್ಲಾ ನಾ ಹೇಳಿದ್ರೂ ನಿಮ್ಮ ಅಡಗಿಯವರ ಕೈಯಾಗ ಖಾರ ಎಷ್ಟೈತಿ ಅನ್ನೋದು ನನಗ ಇಲ್ಲಿ ಕುಂತು ತಿಳಿಯೂದಿಲ್ಲ. ಹಂಗಾಗಿ ಪಾರ್ಟಿಗೆ ಎರಡು ವಾರ ಮೊದಲ ಒಂದು ಶೆನಿನ್, ಒಂದು ಶಿರಾಜ್ ಅಷ್ಟ ತಗೊಂಡ್ಬರ್ರಿ, ಅವರ ಕಡೆಯಿಂದ ಅರ್ಧ ಕಿಲೋ ಸಾವಜಿ ಮಟನ್ ಮಾಡಿಸ್ರಿ, ನೀವು, ಅಣ್ಣ, ಅಪ್ಪ ಮೂವರೂ ಕುಂತು ಒಂದು ತುತ್ತು ರೊಟ್ಟಿ ರಸಾ, ಒಂದು ಗುಟುಕು ವೈಟು, ಮತ್ತ ಒಂದು ತುತ್ತು, ಒಂದು ಗುಟುಕು ರೆಡ್ಡು ಅಂತ ನೋಡ್ರಿ. ಅಪ್ಪನ ಕೈ ಎರಡನೇ ಸಲ ಯಾವ ಗ್ಲಾಸಿಗೆ ಹೋಗ್ತೈತಿ ಅನ್ನೋದನ್ನ ನೋಡ್ಕೊಂಡು, ಉಳದ ಹತ್ತು ಬಾಟಲಿ ಅದ ಅಂಗಡಿಯಿಂದ ತರ್ರಿ.